ಪೇಟೆ ಧಾರಣೆಯಿಂದ ಮೇಣದಬತ್ತಿಯವರೆಗೆ

ಕನ್ನಡ ದಿನಪತ್ರಿಕೆಗಳಲ್ಲಿ 'ಪೇಟೆ ಧಾರಣೆ' ಎಂಬ ಪುಟ್ಟ ಅಂಕಣವೊಂದು ಬರುತ್ತದೆ. ಅಡಿಕೆ, ಕೊಬ್ಬರಿ, ಮೆಣಸಿನಕಾಯಿ, ಈರುಳ್ಳಿ. ಪಕ್ಕದಲ್ಲಿ ಮಾರುಕಟ್ಟೆಯ ಹೆಸರು. ಆಮೇಲೆ ಅಂದಿನ ಬೆಲೆಯ ಕನಿಷ್ಠ, ಗರಿಷ್ಠ ಅಂಕಿಗಳು. ಬೆಳೆಗಾರರು ಮತ್ತು ವರ್ತಕರನ್ನು ಬಿಟ್ಟರೆ ಅದನ್ನು ಶ್ರದ್ಧೆಯಿಂದ ಓದುವ ಇನ್ನೊಂದು ಪಂಗಡವೆಂದರೆ ನನ್ನಂಥ ಆರ್ಥಿಕ ಚರಿತ್ರೆಯ ಸಂಶೋಧನಾ ವಿದ್ಯಾರ್ಥಿಗಳದ್ದು. ಹಳೆಯ ಪತ್ರಿಕೆಗಳ ಸಂಪುಟ ಬಿಚ್ಚಿ, ಧೂಳಿಗೆ ಸೀನುತ್ತ, ಈ ಅಂಕಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುವುದೇ ನನ್ನ ಪಿಎಚ್.ಡಿ.ಯ ಬಹುಪಾಲು ಕೆಲಸ. ಸಂಜೆ ಯಲಹಂಕದ ಪಿಜಿಗೆ ಬಂದರೆ ಅಲ್ಲಿಯೂ ಬೆಲೆಗಳದ್ದೇ ದರ್ಬಾರು. ಅಕ್ಕಪಕ್ಕದ ಕೋಣೆಯ ಹುಡುಗರ ಮೊಬೈಲುಗಳಲ್ಲಿ ಬಿಟ್‌ಕಾಯಿನ್, ಎಥೀರಿಯಂಗಳ ಕೆಂಪು–ಹಸಿರು ಕಡ್ಡಿಗಳು ರಾತ್ರಿಯಿಡೀ ಏರುತ್ತ ಇಳಿಯುತ್ತ ಇರುತ್ತವೆ. ಕಡ್ಡಿಗಳ ಸಾಲಿನಲ್ಲಿ ತಲೆ–ಭುಜ, ಬಟ್ಟಲು–ಹಿಡಿಕೆ, ಬಾವುಟ, ತ್ರಿಕೋನ ಮುಂತಾದ ಆಕಾರಗಳನ್ನು ಗುರುತಿಸಿ, ಯಾವಾಗ ಕೊಳ್ಳಬೇಕು ಯಾವಾಗ ಮಾರಬೇಕು ಎಂದು ಅವರು ನಿರ್ಧರಿಸುತ್ತಾರೆ.

ಈ ವಿದ್ಯೆಗೆ ಟೆಕ್ನಿಕಲ್ ಅನಾಲಿಸಿಸ್ ಎಂದು ಹೆಸರು. ಇದರ ಪಠ್ಯಪುಸ್ತಕವೆಂದು ಎಲ್ಲರೂ ಒಪ್ಪುವ ಜಾನ್ ಮರ್ಫಿಯ ಪುಸ್ತಕ ಮೂರು ನಂಬಿಕೆಗಳಿಂದ ಆರಂಭವಾಗುತ್ತದೆ. ಮಾರುಕಟ್ಟೆಗೆ ತಿಳಿದದ್ದೆಲ್ಲ ಬೆಲೆಯೊಳಗೇ ಅಡಗಿದೆ, ಬೆಲೆ ಒಂದು ದಿಕ್ಕು ಹಿಡಿದು ಸಾಗುತ್ತದೆ, ಚರಿತ್ರೆ ಮರುಕಳಿಸುತ್ತದೆ. ಪಕ್ಕದ ಕೋಣೆಯ ಇಂಜಿನಿಯರಿಂಗ್ ಹುಡುಗ ಒಂದು ದಿನ ನನ್ನನ್ನು ಕೆಣಕಿದ್ದೇ ಈ ಮೂರನೆಯದನ್ನು ಹಿಡಿದುಕೊಂಡು: "ಅಣ್ಣ, ಹಿಸ್ಟರಿ ರಿಪೀಟ್ ಆಗುತ್ತೆ ಅಂತ ನಿಮ್ಮ ಸಬ್ಜೆಕ್ಟಿನವರೇ ಹೇಳೋದಲ್ವಾ? ನಾನು ಮಾಡ್ತಿರೋದೂ ಅದೇ." ತಮಾಷೆಯ ಮಾತೇ ನಿಜ. ಆದರೆ ಅವನು ಆ ನಂಬಿಕೆಯ ಮೇಲೆ ಹೂಡಲು ಹೊರಟಿದ್ದು ಊರಿನಿಂದ ಸೆಮಿಸ್ಟರ್ ಫೀಸಿಗೆಂದು ಬಂದ ಹಣವನ್ನು. ಹಾಗಾಗಿ ಆ ಪ್ರಶ್ನೆಗೆ ತಮಾಷೆಯಲ್ಲದ ಉತ್ತರ ಕೊಡಬೇಕೆನಿಸಿತು. ಬೆಲೆಯ ಚರಿತ್ರೆ ಎಂದರೇನು, ಅದು ಯಾವ ಅರ್ಥದಲ್ಲಿ ಮರುಕಳಿಸುತ್ತದೆ?

ಮೊದಲು ಆ ಕಡ್ಡಿಯ ಕಥೆ. ಅದನ್ನು ಕ್ಯಾಂಡಲ್, ಅಂದರೆ ಮೇಣದಬತ್ತಿ ಎನ್ನುತ್ತಾರೆ. ಒಂದು ಕ್ಯಾಂಡಲ್‌ನಲ್ಲಿ ನಾಲ್ಕು ಅಂಕಿಗಳಿರುತ್ತವೆ: ವಹಿವಾಟು ಶುರುವಾದ ಬೆಲೆ, ಮುಗಿದ ಬೆಲೆ, ನಡುವೆ ಮುಟ್ಟಿದ ಗರಿಷ್ಠ ಮತ್ತು ಕನಿಷ್ಠ. ಓಪನ್, ಕ್ಲೋಸ್‌ಗಳ ನಡುವಿನ ಭಾಗ ದಪ್ಪ ಕಡ್ಡಿ. ಗರಿಷ್ಠ–ಕನಿಷ್ಠಗಳತ್ತ ಚಾಚಿದ ತೆಳು ಗೆರೆಗಳು ಬತ್ತಿ. ನಮ್ಮ ಪೇಟೆ ಧಾರಣೆಯ ಹತ್ತಿರದ ನೆಂಟನೇ ಇದು. ಹುಟ್ಟೂರು ಜಪಾನ್, ಹುಟ್ಟಿಸಿದ್ದು ಅಕ್ಕಿ. ಒಸಾಕಾದ ದೋಜಿಮಾದಲ್ಲಿ ದೊರೆಗಳ ಕಂದಾಯದ ಅಕ್ಕಿ ಉಗ್ರಾಣಗಳಲ್ಲಿ ಬಂದು ಬೀಳುತ್ತಿತ್ತು. ಅಕ್ಕಿಯ ಬದಲು ಅಕ್ಕಿಯ ಚೀಟಿಗಳೇ ಕೈಬದಲಾಗತೊಡಗಿದವು. ಮುಂದೆ ಬರಲಿರುವ ಅಕ್ಕಿಯ ಮೇಲಿನ ವ್ಯಾಪಾರಕ್ಕೂ ಸೇರಿಸಿ 1730ರಲ್ಲಿ ಶೋಗನರ ಸರ್ಕಾರ ಆ ಪೇಟೆಗೆ ಅಧಿಕೃತ ಮನ್ನಣೆ ಕೊಟ್ಟಿತು. ಅಲ್ಲಿನ ಧಾರಣೆಯನ್ನು ಬೆಟ್ಟದಿಂದ ಬೆಟ್ಟಕ್ಕೆ ಬಾವುಟ ಬೀಸಿ ದೂರದ ಊರುಗಳಿಗೆ ಮುಟ್ಟಿಸುತ್ತಿದ್ದರು.

ಯೂಟ್ಯೂಬಿನ ಗುರುಗಳೆಲ್ಲ ಹೆಸರಿಸುವ ಹೊಮ್ಮಾ ಮುನೆಹಿಸ ಇದೇ 18ನೇ ಶತಮಾನದ ಸಕಾತಾ ಊರಿನ ಅಕ್ಕಿ ವ್ಯಾಪಾರಿ. ಮೇಣದಬತ್ತಿಯ ಚಿತ್ರ ಕಂಡುಹಿಡಿದವನು ಅವನೇ ಎಂಬುದು ಜನಪ್ರಿಯ ಕಥೆ. ಈ ಚಿತ್ರಗಳನ್ನು 1991ರ ತಮ್ಮ ಪುಸ್ತಕದಿಂದ ಇಂಗ್ಲಿಷ್ ಜಗತ್ತಿಗೆ ಪರಿಚಯಿಸಿದ ಸ್ಟೀವ್ ನೈಸನ್ ಅವರೇ ಆ ಕಥೆಯನ್ನು ಪೂರ್ತಿ ಒಪ್ಪುವುದಿಲ್ಲ. ಅವು 19ನೇ ಶತಮಾನದ ಮೇಜಿ ಕಾಲದಲ್ಲಿ ರೂಪುಗೊಂಡಿರಬೇಕು ಎನ್ನುತ್ತಾರೆ. ಇರಲಿ. ನನಗೆ ಮುಖ್ಯವಾಗಿ ಕಾಣುವುದು, ಆ ಗೆರೆಗಳ ಹಿಂದೆ ಅಕ್ಕಿ ಇತ್ತು ಎಂಬುದು. ಮಳೆ ಕೈಕೊಟ್ಟರೆ ಗೆರೆ ಏರುತ್ತಿತ್ತು, ಹಡಗು ಬಂದರೆ ಇಳಿಯುತ್ತಿತ್ತು.

ಆಕಾರಗಳ ಹೆಸರುಗಳು ಬಂದದ್ದು ಅಮೆರಿಕದಿಂದ. 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಯನ್ನು 1889ರಲ್ಲಿ ಆರಂಭಿಸಿದವರಲ್ಲಿ ಒಬ್ಬನಾದ ಚಾರ್ಲ್ಸ್ ಡೋ ತನ್ನ ಸಂಪಾದಕೀಯಗಳಲ್ಲಿ ಬೆಲೆಯ ಏರಿಳಿತದ ದಿಕ್ಕುಗಳ ಬಗ್ಗೆ ಬರೆದ. ಅವನ ನಂತರ ವಿಲಿಯಂ ಹ್ಯಾಮಿಲ್ಟನ್ ಅದನ್ನೊಂದು ಸಿದ್ಧಾಂತವಾಗಿ ಬೆಳೆಸಿದ. 1930ರ ದಶಕದಲ್ಲಿ ರಿಚರ್ಡ್ ಶಾಬಾಕರ್, 1948ರಲ್ಲಿ ಎಡ್ವರ್ಡ್ಸ್ ಮತ್ತು ಮಗೀ ಈ ಆಕಾರಗಳಿಗೆ ಒಂದು ವ್ಯಾಕರಣವನ್ನೇ ಬರೆದರು. ಉದಾಹರಣೆಗೆ 'ಹೆಡ್ ಅಂಡ್ ಶೋಲ್ಡರ್ಸ್': ಬೆಲೆ ಒಮ್ಮೆ ಏರಿ ಇಳಿಯುತ್ತದೆ, ಎರಡನೇ ಸಲ ಇನ್ನೂ ಮೇಲಕ್ಕೆ ಹೋಗಿ ಇಳಿಯುತ್ತದೆ, ಮೂರನೇ ಸಲ ಮೊದಲಿನಷ್ಟೇ ಏರಿ ಸೋಲುತ್ತದೆ. ಎರಡು ಭುಜ, ನಡುವೆ ತಲೆ. ತಗ್ಗುಗಳನ್ನು ಕೂಡಿಸುವ ಗೆರೆ ಕತ್ತು. ಬೆಲೆ ಕತ್ತಿನ ಗೆರೆ ದಾಟಿ ಕೆಳಗಿಳಿದರೆ ಮಾರು ಎಂಬುದು ನಿಯಮ. ಕೇಳಲು ಸರಳ. ಆದರೆ ಮೂರನೆಯ ಏರಿಕೆ ಭುಜವೋ ಅಥವಾ ಇನ್ನೂ ಎತ್ತರದ ತಲೆಯೋ ಎಂಬುದು ಅದು ಮುಗಿದ ಮೇಲೆ ಮಾತ್ರ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಆ ಹೆಸರು ಬಿದ್ದ ಮೇಲಷ್ಟೇ ಅದಕ್ಕೆ ಮುಂಚಿನದು ಜನರ ಬಾಯಲ್ಲಿ 'ಒಂದನೇ' ಯುದ್ಧವಾಗಿ ನೆಲೆನಿಂತ ಹಾಗೆ.

ಬೆಂಗಳೂರಿಗೆ ಈ ವಿದ್ಯೆ ಹೊಸದೇನಲ್ಲ. 1963ರಲ್ಲಿ ಹುಟ್ಟಿದ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಜೆ.ಸಿ. ರಸ್ತೆ ಬಳಿ ತನ್ನದೇ ಕಟ್ಟಡದಲ್ಲಿತ್ತು. ದೇಶವ್ಯಾಪಿ ಕಂಪ್ಯೂಟರ್ ವಹಿವಾಟು ಬಂದ ಮೇಲೆ ಸೊರಗಿ, 2014ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ 2010ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಜೆರೋಧಾದಂಥ ಕಂಪನಿಗಳು ಚಾರ್ಟನ್ನು ಎಲ್ಲರ ಜೇಬಿಗೆ ತಂದು ಹಾಕಿದ್ದವು. ಬಿಟ್‌ಕಾಯಿನ್ ಕೂಡ ಇಲ್ಲಿಗೆ ಬೇಗನೇ ಬಂತು. 2013ರಲ್ಲಿ ತುಮಕೂರಿನಲ್ಲಿ ಯುನೋಕಾಯಿನ್ ಶುರುವಾಯಿತು. ಅದೇ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಿಟ್‌ಕಾಯಿನ್ ಸಮ್ಮೇಳನವೂ ನಡೆಯಿತು. ಕೆಲವೇ ದಿನಗಳಲ್ಲಿ, ಡಿಸೆಂಬರ್ 24ರಂದು, ರಿಸರ್ವ್ ಬ್ಯಾಂಕ್ ಮೊದಲ ಎಚ್ಚರಿಕೆ ಹೊರಡಿಸಿತು. 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಈ ವ್ಯವಹಾರದಿಂದ ದೂರವಿರಬೇಕೆಂದು ಆದೇಶಿಸಿತು. ಅದೇ ಅಕ್ಟೋಬರ್‌ನಲ್ಲಿ ಹಳೇ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ಇಟ್ಟಿದ್ದ ಬಿಟ್‌ಕಾಯಿನ್ ಎಟಿಎಂ ಯಂತ್ರವನ್ನು ಪೊಲೀಸರು ಎತ್ತಿಕೊಂಡು ಹೋದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಆದೇಶವನ್ನು ರದ್ದು ಮಾಡಿತು. ಅದಾಗಿ ಮೂರು ವಾರಕ್ಕೆ ಲಾಕ್‌ಡೌನ್. ಮನೆಯಲ್ಲಿ ಕೂತ ಹುಡುಗರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಮೇಣದಬತ್ತಿ.

ಇಲ್ಲಿ ಇನ್ನೊಂದು ಕಥೆ ಹೇಳಬೇಕು. ನಮ್ಮ ಊರುಗಳಲ್ಲಿ 'ಓಸಿ ಬರೆಸೋದು' ಅಂದರೆ ಎಲ್ಲರಿಗೂ ಗೊತ್ತು: ಮಟ್ಕಾ ಜೂಜು. ಓಸಿ ಅಂದರೆ ಓಪನ್–ಕ್ಲೋಸ್ ಎಂದು ಬಲ್ಲವರು ಬಿಡಿಸಿ ಹೇಳುತ್ತಾರೆ. ಕ್ಯಾಂಡಲ್‌ನಲ್ಲಿರುವ ಅದೇ ಎರಡು ಪದಗಳು. ಇದು ಕಾಕತಾಳೀಯವಲ್ಲ. ಮುಂಬೈಯಲ್ಲಿ ಈ ಜೂಜು ಹುಟ್ಟಿದ್ದು ಹತ್ತಿಯ ಧಾರಣೆಯಿಂದ. ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ದರ, ಮುಕ್ತಾಯದ ದರ ಟೆಲಿಪ್ರಿಂಟರ್ ಮೂಲಕ ಮುಂಬೈಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರಗಳು ಬರುವುದು ನಿಂತಿತು. ಜೂಜು ನಿಲ್ಲಲಿಲ್ಲ. ಮಡಕೆಯೊಳಗೆ ಚೀಟಿ ಹಾಕಿ ಅಂಕಿ ಎತ್ತತೊಡಗಿದರು. ಮಟ್ಕಾ ಎಂಬ ಹೆಸರು ಆ ಮಡಕೆಯದು. ಹತ್ತಿ ಹೋಯಿತು, ಓಪನ್–ಕ್ಲೋಸ್ ಉಳಿಯಿತು. ಅಂಕಿಯ ಹಿಂದೆ ಈಗ ಯಾವ ಬೆಳೆಯೂ ಇಲ್ಲ, ಮಳೆಯೂ ಇಲ್ಲ. ಆದರೂ ಆಡುವವರು ಹಳೆಯ ಅಂಕಿಗಳ ಚಾರ್ಟ್ ಇಟ್ಟುಕೊಂಡು, ಯಾವ ಅಂಕಿಯ ನಂತರ ಯಾವುದು ಬರುತ್ತದೆ ಎಂದು ಇಂದಿಗೂ ಲೆಕ್ಕ ಹಾಕುತ್ತಾರೆ. ಮಡಕೆಗೆ ನಿನ್ನೆಯ ನೆನಪಿಲ್ಲ ಎಂದು ಅವರಿಗೆ ಹೇಳಿ ನೋಡಿ, ಒಪ್ಪುವುದಿಲ್ಲ.

ಕ್ರಿಪ್ಟೋ ವ್ಯಾಪಾರ ಮಟ್ಕಾ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಿಜವಾದ ಕೊಳ್ಳುವವರು, ಮಾರುವವರು ಇದ್ದಾರೆ. ಅವರ ಭಯ, ಆಸೆ, ಸಾಲ, ಸುದ್ದಿ ಎಲ್ಲ ಬೆಲೆಯಲ್ಲಿ ಸೇರಿರುತ್ತವೆ. ನಾನು ಹೇಳುವುದಿಷ್ಟೇ: ಅಂಕಿಯ ಹಿಂದಿರುವುದು ಬದಲಾದರೂ ಅಂಕಿಯನ್ನು ಓದುವ ನಮ್ಮ ಅಭ್ಯಾಸ ಬದಲಾಗುವುದಿಲ್ಲ. ಅಕ್ಕಿಗೆ ಹೊಲಿದ ಅಂಗಿಯನ್ನು ಹತ್ತಿಗೆ, ಷೇರಿಗೆ, ಬಿಟ್‌ಕಾಯಿನ್‌ಗೆ ತೊಡಿಸುತ್ತೇವೆ. ಸರಿಹೊಂದುತ್ತದೆಯೇ ಎಂದು ಪ್ರತಿ ಸಲವೂ ಅಳತೆ ತೆಗೆಯಬೇಕು.

ಆ ಹುಡುಗನ ಊರು ಚಳ್ಳಕೆರೆ ಕಡೆ. ಅವನ ಅಪ್ಪ ಈರುಳ್ಳಿ ಬೆಳೆಯುತ್ತಾರೆ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಲಾರಿಯಲ್ಲಿ ಮಾಲು ತಂದಾಗ ಮಗನನ್ನು ನೋಡಿಕೊಂಡು ಹೋಗಲು ಬರುತ್ತಾರೆ. ಒಮ್ಮೆ ಮಗನ ಮೊಬೈಲನ್ನು ಕುತೂಹಲದಿಂದ ನೋಡಿ ಕೇಳಿದರು: "ಇದನ್ನ ಕೊಂಡೋನು ಕೊನೆಗೆ ಏನ್ ಮಾಡ್ತಾನಪ್ಪ?"

"ಇನ್ನೊಬ್ಬನಿಗೆ ಮಾರ್ತಾನೆ."

"ಅವನು?"

"ಅವನೂ ಮಾರ್ತಾನೆ. ಚಿನ್ನ ಇಲ್ವಾ ಅಪ್ಪ? ಅದನ್ನ ಯಾರು ತಿಂತಾರೆ?"

ಅವರು ನಕ್ಕು, "ಅದೂ ಸರಿಯೇ" ಅಂದರು. ಮಗನ ಮಾತಿನಲ್ಲಿ ಹುರುಳಿತ್ತು. ಆದರೆ ಆಮೇಲೆ ಅವರು ಹೇಳಿದ್ದು ನನ್ನ ಸಂಶೋಧನೆಗೆ ಹತ್ತಿರದ ಮಾತು: "ನಂಗೂ ನಾಳೆ ರೇಟು ಗೊತ್ತಿಲ್ಲ. ಆದರೆ ಮಹಾರಾಷ್ಟ್ರದಾಗೆ ಮಳೆ ಹೆಂಗೈತೆ, ಇವತ್ತು ಯಾರ್ಡಿಗೆ ಎಷ್ಟು ಲಾರಿ ಬಂದವೆ, ಅದು ಗೊತ್ತು."

ಈರುಳ್ಳಿಯ ಗೆರೆಯೂ ಕಡಿಮೆ ಹುಚ್ಚಿನದಲ್ಲ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ಕೆ.ಜಿ. ಈರುಳ್ಳಿ 200 ರೂಪಾಯಿ ಮುಟ್ಟಿತ್ತು. ಚಾರ್ಟ್ ಬರೆದರೆ ಅಲ್ಲೊಂದು ಗೋಪುರ ಕಾಣುತ್ತದೆ. ಆ ಗೋಪುರಕ್ಕೆ ಕಾರಣ ಹುಡುಕಲು ಗೋಪುರದ ಆಕಾರ ನೋಡಿದರೆ ಸಾಲದು. ಆ ವರ್ಷ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಕೊಯ್ಲಿನ ಹೊತ್ತಿಗೆ ಸುರಿದ ಮಳೆ, ಕೊಳೆತ ಬೆಳೆ, ಸೆಪ್ಟೆಂಬರ್‌ನಲ್ಲಿ ಬಂದ ರಫ್ತು ನಿಷೇಧ ಇವನ್ನೆಲ್ಲ ನೋಡಬೇಕು. ಅಂದಹಾಗೆ, ಹೀಗೆ ಧಾರಣೆ ಬರೆದಿಡುವುದು ಕೂಡ ತಾನಾಗಿ ಬಂದದ್ದಲ್ಲ. ದೊಡ್ಡಬಳ್ಳಾಪುರದ ಆಚೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಆ ಬೆಲೆ ಇಬ್ಬರಿಗೆ ಮಾತ್ರ ಗೊತ್ತು, ಚರಿತ್ರೆಗೆ ಸಿಗುವುದಿಲ್ಲ. ಯಾರ್ಡಿನಲ್ಲಿ ಬಹಿರಂಗ ಹರಾಜು, ತೂಕ, ಬರೆದಿಟ್ಟ ದರ ಇವೆಲ್ಲ 1966ರ ಎಪಿಎಂಸಿ ಕಾಯ್ದೆಯಂಥ ಕಟ್ಟಳೆಗಳ ಫಲ. ಬೆಲೆಯ ದಾಖಲೆಯನ್ನು ಯಾರು ಬರೆದರು, ಯಾರ ಕಣ್ಗಾವಲಿನಲ್ಲಿ ಬರೆದರು ಎಂಬುದು ಅದಕ್ಕೇ ನಮಗೆ ಮೊದಲ ಪ್ರಶ್ನೆ.

ಇದೇ ಪ್ರಶ್ನೆಯನ್ನು ಕ್ರಿಪ್ಟೋ ಚಾರ್ಟಿಗೂ ಕೇಳೋಣ. ಒಂದು, ದಾಖಲೆ ನಂಬಿಕೆಗೆ ಅರ್ಹವೇ? 2019ರ ಮಾರ್ಚ್‌ನಲ್ಲಿ ಬಿಟ್‌ವೈಸ್ ಎಂಬ ಸಂಸ್ಥೆ ಅಮೆರಿಕದ ಷೇರುಪೇಟೆ ನಿಯಂತ್ರಕರ ಮುಂದೆ 81 ಎಕ್ಸ್‌ಚೇಂಜ್‌ಗಳ ಪರಿಶೀಲನೆ ಇಟ್ಟಿತು: ವರದಿಯಾಗುತ್ತಿದ್ದ ಬಿಟ್‌ಕಾಯಿನ್ ವಹಿವಾಟಿನಲ್ಲಿ ಸುಮಾರು ಶೇ 95ರಷ್ಟು ಸುಳ್ಳು ಅಥವಾ ಅರ್ಥವಿಲ್ಲದ್ದು. ತಮ್ಮಿಂದ ತಾವೇ ಕೊಂಡು ತಮಗೇ ಮಾರಿ ಗದ್ದಲ ತೋರಿಸುವ ಆಟ ಅದು. ಆಕಾರ ಖಚಿತವಾಗಬೇಕಾದರೆ ವಹಿವಾಟೂ ಜೊತೆಗೆ ಏರಬೇಕು ಎನ್ನುವ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ತೊಡಕು ಬೇಕೆ?

ಎರಡು, ದಿನ ಎಲ್ಲಿ ಮುಗಿಯುತ್ತದೆ? ಯಶವಂತಪುರದ ಹರಾಜಿಗೆ ಆರಂಭವಿದೆ, ಮುಕ್ತಾಯವಿದೆ. ಕ್ರಿಪ್ಟೋ ಪೇಟೆ ಮುಚ್ಚುವುದೇ ಇಲ್ಲ. ಸಾಮಾನ್ಯವಾಗಿ ಅಂತರರಾಷ್ಟ್ರೀಯ ಕಾಲಮಾನದ ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ 5.30ಕ್ಕೆ, ಒಂದು ಗೆರೆ ಎಳೆದು ಅದನ್ನೇ 'ಕ್ಲೋಸ್' ಎನ್ನುತ್ತಾರೆ. ಹಾಲಿನ ಪ್ಯಾಕೆಟ್ ಬರುವ ಹೊತ್ತಿಗೆ ನಮ್ಮ ಪಿಜಿಯಲ್ಲಿ ಅಲಾರಂ ಹೊಡೆಯುವುದು ಅದಕ್ಕೇ. ಅದೇ ಗೆರೆಯನ್ನು ಭಾರತದ ಮಧ್ಯರಾತ್ರಿಗೆ ಎಳೆದರೆ ನಿನ್ನೆಯ ಹಸಿರು ಕ್ಯಾಂಡಲ್ ಕೆಂಪಾಗಬಹುದು. ಹುಡುಗರು 'ಹ್ಯಾಮರ್' ಎಂದು ಗುರುತಿಸಿದ ಕಡ್ಡಿ ಮಾಯವಾಗಬಹುದು. ಬೆಲೆ ಬದಲಾಗಿಲ್ಲ, ನಾವು ಕತ್ತರಿಸಿದ ಜಾಗ ಬದಲಾಗಿದೆ. ಚರಿತ್ರೆಯಲ್ಲಿ ಯುಗ ವಿಭಾಗ ಮಾಡುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಮೂರು, ಆಕಾರ ಏನನ್ನು ಕಾಣಲಾರದು? 2022ರ ಏಪ್ರಿಲ್‌ನಲ್ಲಿ 100 ಡಾಲರ್ ದಾಟಿದ್ದ ಲೂನಾ ನಾಣ್ಯ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಒಂದು ಸೆಂಟಿಗಿಂತ ಕೆಳಗೆ ಬಿತ್ತು. ಅದರ ಜೋಡಿ ನಾಣ್ಯ ಡಾಲರ್‌ಗೆ ಕಟ್ಟಿಕೊಂಡಿದ್ದ ಗಂಟು ಬಿಚ್ಚಿಹೋಗಿದ್ದೇ ಕಾರಣ. ಬೀಳುವ ದಾರಿಯ ಪ್ರತಿ ಮೆಟ್ಟಿಲಲ್ಲೂ 'ಸಪೋರ್ಟ್' ಎಂದು ಗೆರೆ ಎಳೆಯಲು ಜಾಗ ಇತ್ತು. ನಿಂತದ್ದು ಒಂದೂ ಇಲ್ಲ.

ಹಾಗಾದರೆ ಈ ವಿದ್ಯೆಯನ್ನು ಯಾರೂ ಪರೀಕ್ಷಿಸಿಲ್ಲವೇ? ಬಹಳ ಹಿಂದೆಯೇ ಪರೀಕ್ಷಿಸಿದ್ದಾರೆ. 1933ರಲ್ಲಿ ಆಲ್ಫ್ರೆಡ್ ಕೌಲ್ಸ್ ಎಂಬಾತ ಹ್ಯಾಮಿಲ್ಟನ್‌ನ 1904ರಿಂದ 1929ರವರೆಗಿನ ಸಂಪಾದಕೀಯಗಳನ್ನು ಸಾಲಾಗಿ ಇಟ್ಟು ಲೆಕ್ಕ ಹಾಕಿದ. ಅವನ ಮಾತು ಕೇಳಿ ಕೊಂಡು ಮಾರಿದ್ದರೆ ವರ್ಷಕ್ಕೆ ಸುಮಾರು ಶೇ 12 ಬರುತ್ತಿತ್ತು. ಸುಮ್ಮನೆ ಕೊಂಡು ಇಟ್ಟುಕೊಂಡಿದ್ದರೆ ಸುಮಾರು ಶೇ 15.5. 1959ರಲ್ಲಿ ಹ್ಯಾರಿ ರಾಬರ್ಟ್ಸ್ ಯಾದೃಚ್ಛಿಕ ಅಂಕಿಗಳಿಂದಲೇ ಒಂದು 'ಷೇರುಪೇಟೆ' ಬರೆದು ತೋರಿಸಿದ. ನಿಜವಾದ ಚಾರ್ಟಿನಲ್ಲಿ ಕಾಣುವಂಥ ಆಕಾರಗಳೇ ಅದರಲ್ಲೂ ಮೂಡಿದ್ದವು. ಇನ್ನೊಂದು ಪಕ್ಷವನ್ನೂ ಹೇಳಬೇಕು: 2000ರಲ್ಲಿ ಆಂಡ್ರ್ಯೂ ಲೋ ಮತ್ತು ಜೊತೆಗಾರರು 1962ರಿಂದ 1996ರವರೆಗಿನ ಅಮೆರಿಕದ ಷೇರುಗಳನ್ನು ಕಂಪ್ಯೂಟರಿನಿಂದ ಶೋಧಿಸಿ, ಕೆಲವು ಆಕಾರಗಳಲ್ಲಿ ಒಂದಿಷ್ಟು ಮಾಹಿತಿ ಇದೆ ಎಂದು ಕಂಡುಕೊಂಡರು. ಮಾಹಿತಿ ಇದೆ ಎಂದರೆ ಲಾಭ ಸಿಗುತ್ತದೆ ಎಂದಲ್ಲ ಎಂಬ ಎಚ್ಚರವೂ ಅವರಿಗಿತ್ತು. ನಮ್ಮಲ್ಲಿ ಕ್ರಿಪ್ಟೋ ಅಲ್ಲದಿದ್ದರೂ, ಹೀಗೆಯೇ ಸಮಯ ನೋಡಿ ಆಡುವ ಷೇರುಗಳ ಫ್ಯೂಚರ್ಸ್–ಆಪ್ಷನ್ಸ್ ವಹಿವಾಟಿನ ಬಗ್ಗೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಯನ ಪ್ರಕಟಿಸಿತು: ಮೂರು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಾಪಾರಿಗಳಲ್ಲಿ ಶೇ 93ರಷ್ಟು ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ.

ಇದರ ಮೇಲೆ ತೆರಿಗೆಯ ಲೆಕ್ಕ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ಜುಲೈನಿಂದ ಮಾರಾಟದ ಮೊತ್ತದಲ್ಲಿ ಶೇ 1 ಟಿಡಿಎಸ್ ಬೇರೆ ಹಿಡಿಯುತ್ತಾರೆ. ಹತ್ತು ಬೇರೆ ಬೇರೆ ನಾಣ್ಯಗಳಲ್ಲಿ ತಲಾ 10,000 ರೂಪಾಯಿ ಹಾಕಿದಿರಿ ಎನ್ನಿ. ಐದರಲ್ಲಿ ತಲಾ 1,000 ಲಾಭ, ಐದರಲ್ಲಿ ತಲಾ 1,000 ನಷ್ಟ. ಕೈಗೆ ಬಂದದ್ದು ಸೊನ್ನೆ. ಆದರೆ 5,000 ಲಾಭದ ಮೇಲೆ ತೆರಿಗೆ 1,500, ಅದರ ಮೇಲೆ ಶೇ 4 ಸೆಸ್ 60. ಒಟ್ಟು 1,560 ರೂಪಾಯಿ ಕೈಯಿಂದ ಕಟ್ಟಬೇಕು. ಲಾಭ–ನಷ್ಟಗಳ ಗಾತ್ರ ಒಂದೇ ಆಗಿದ್ದರೆ, ಬರೀ ಅಸಲು ಉಳಿಯಲಿಕ್ಕೇ ಹತ್ತರಲ್ಲಿ ಸುಮಾರು ಆರು ಸಲ ಸರಿಯಾಗಿರಬೇಕು. ಎಕ್ಸ್‌ಚೇಂಜಿನ ಶುಲ್ಕ ಇನ್ನೂ ಸೇರಿಸಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆ ಹುಡುಗ, "ಅಣ್ಣ, ನನಗೆ ಪ್ಯಾಟರ್ನ್ ಕಂಡಾಗೆಲ್ಲ ಸರಿಯಾಗೇ ಬಂದಿದೆ" ಎಂದ. ಸುಳ್ಳು ಹೇಳುತ್ತಿರಲಿಲ್ಲ, ನೆನಪಿನಿಂದ ಹೇಳುತ್ತಿದ್ದ. ಚರಿತ್ರೆಯ ವಿದ್ಯಾರ್ಥಿಗಳು ಮುಪ್ಪಿನಲ್ಲಿ ಬರೆದ ಆತ್ಮಕಥೆಗಿಂತ ಆ ದಿನವೇ ಬರೆದ ದಿನಚರಿಗೆ ಹೆಚ್ಚು ತೂಕ ಕೊಡುತ್ತೇವೆ. ನಡೆದದ್ದು ತಿಳಿದ ಮೇಲೆ ಎಲ್ಲರಿಗೂ ಮುನ್ಸೂಚನೆಗಳು ನೆನಪಾಗುತ್ತವೆ. ಆದ್ದರಿಂದ ಅವನಿಗೆ ಒಂದು ನೋಟ್‌ಬುಕ್ ಕೊಟ್ಟು ಹೇಳಿದೆ: "ದುಡ್ಡು ಹಾಕಬೇಡ. ಆಕಾರ ಕಂಡ ಕೂಡಲೇ ತಾರೀಖು, ಸಮಯ, ಬೆಲೆ, ಮುಂದೆ ಏನಾಗುತ್ತೆ, ಎಷ್ಟು ದಿನದಲ್ಲಿ ಅಂತ ಪೆನ್ನಿನಲ್ಲಿ ಬರಿ. ಆಮೇಲೆ ತಿದ್ದೋ ಹಾಗಿಲ್ಲ."

ಚರಿತ್ರೆ ಮರುಕಳಿಸುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರವೂ ಅದರಲ್ಲೇ ಇದೆ. ಆಸೆ, ಭಯ, ಗುಂಪಿನ ಹಿಂದೆ ಓಡುವ ಚಟ, ಇವು ಮರುಕಳಿಸುತ್ತವೆ. ಬಿಟ್‌ಕಾಯಿನ್ 2017ರ ಡಿಸೆಂಬರ್‌ನಲ್ಲಿ 20,000 ಡಾಲರ್ ಸಮೀಪಿಸಿ ಮರುವರ್ಷ 3,200ರ ಆಸುಪಾಸಿಗೆ ಇಳಿಯಿತು. 2021ರ ನವೆಂಬರ್‌ನಲ್ಲಿ 69,000 ಮುಟ್ಟಿ ಮರುವರ್ಷ 16,000ಕ್ಕಿಂತ ಕೆಳಗೆ ಬಂತು. ನೋಡಲು ಒಂದೇ ಕಥೆ. ಆದರೆ ಯಾವ ಮಂಗಳವಾರ ಏರಿಕೆ ನಿಲ್ಲುತ್ತದೆ ಎಂಬುದು ಮರುಕಳಿಸುವುದಿಲ್ಲ. ವ್ಯಾಪಾರದಲ್ಲಿ ಹಣ ಕೊಡುವುದು, ಕಳೆಯುವುದು ಆ ಮಂಗಳವಾರವೇ.

ಎರಡು ತಿಂಗಳ ಮೇಲೆ ಹುಡುಗ ನೋಟ್‌ಬುಕ್ ತಂದ. 31 ನಮೂದುಗಳಿದ್ದವು. 17 ಸರಿ, 14 ತಪ್ಪು. ಅರ್ಧಕ್ಕಿಂತ ಹೆಚ್ಚೇ ಸರಿಯಾಗಿದೆ ಎಂದು ಮೊದಲು ಖುಷಿಪಟ್ಟ. ಆಮೇಲೆ ತಾನೇ ಕ್ಯಾಲ್ಕುಲೇಟರ್ ತೆಗೆದು ತೆರಿಗೆ ಸೇರಿಸಿ ನೋಡಿ ಸುಮ್ಮನಾದ. ಹತ್ತಕ್ಕೆ ಆರು ಆಗಿರಲಿಲ್ಲ. ಅವನು ಚಾರ್ಟ್ ನೋಡುವುದನ್ನು ಬಿಟ್ಟಿಲ್ಲ, ಬೆಳಗಿನ 5.30ರ ಅಲಾರಂ ಈಗಲೂ ಹೊಡೆಯುತ್ತದೆ. ಫೀಸನ್ನು ಮಾತ್ರ ಕಾಲೇಜಿಗೆ ಕಟ್ಟಿ ಬಂದಿದ್ದಾನೆ. ನೋಟ್‌ಬುಕ್ಕಿನ 32ನೇ ಸಾಲಿನಲ್ಲಿ ತಾರೀಖು, ಸಮಯ, ಬೆಲೆ ಬರೆದು, 'ಏನಾಗುತ್ತೆ' ಎಂಬ ಕಾಲಂ ಖಾಲಿ ಬಿಟ್ಟಿದ್ದಾನೆ.